ಅಮೆರಿಕದ ಕಪ್ಪು ಜನಾಂಗದ ತಾಯ್ತಂದೆಯರ ಭೀತಿ: ಒಂದು ವಿವೇಚನೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಕಪ್ಪು ಜನಾಂಗದ ಗೃಹಜೀವನದಲ್ಲಿ, ಯಾವ ಗ್ರಂಥದಲ್ಲಿಯೂ ವಿಧಿರೂಪವಾಗಿ ಬರೆದಿಡದ, ಯಾವ ಪಾಠಶಾಲೆಯ ಪಠ್ಯಕ್ರಮದಲ್ಲಿಯೂ ಸೇರದ, ಆದರೂ ತಲೆಮಾರಿನಿಂದ ತಲೆಮಾರಿಗೆ ತಪ್ಪದೆ ಸಾಗಿಬಂದಿರುವ ಉಪದೇಶಪರಂಪರೆಯೊಂದುಂಟು. ಮಗನು ಬಾಲ್ಯವನ್ನು ದಾಟುವ ಮೊದಲೇ ತಾಯಿಯೋ ತಂದೆಯೋ ಅವನನ್ನು ಹತ್ತಿರ ಕುಳ್ಳಿರಿಸಿಕೊಂಡು ಹೇಳುವ ಮಾತುಗಳಿವು: ಪೊಲೀಸರು ಕರೆದರೆ ಓಡಬೇಡ, ಎರಡು ಕೈಗಳನ್ನೂ ಅವರಿಗೆ ಕಾಣುವಂತೆ ಇಟ್ಟುಕೊ, ಎದುರುತ್ತರ ಕೊಡದೆ ‘ಸರ್’ ಎಂದೇ ಮಾತನಾಡು, ಅಂಗಡಿಯಲ್ಲಿ ಕೊಂಡ ವಸ್ತು ಎಷ್ಟು ಅಲ್ಪವಾದರೂ ಚೀಲವನ್ನೂ ರಸೀತಿಯನ್ನೂ ಕೇಳಿ ಪಡೆ, ಆಟದ ಪಿಸ್ತೂಲನ್ನು ಹಿಡಿದು ಬೀದಿಗಿಳಿಯಬೇಡ, ಮುಂದೆ ಕಾರು ನಡೆಸುವ ಕಾಲ ಬಂದಾಗ ಯಾರಾದರೂ ತಡೆದು ನಿಲ್ಲಿಸಿದರೆ, ಲೈಸೆನ್ಸನ್ನು ತೆಗೆಯುವೆನೆಂದು ಮೊದಲು ಬಾಯಲ್ಲಿ ಹೇಳಿ, ಅಪ್ಪಣೆ ದೊರೆತ ಮೇಲೆಯೇ ಜೇಬಿಗೆ ಕೈಹಾಕು.

ಮೈಬಣ್ಣವನ್ನೇ ಶಂಕೆಗೆ ಆಧಾರವಾಗಿ ಮಾಡಿಕೊಳ್ಳುವ ಪೊಲೀಸ್ ಪದ್ಧತಿಯನ್ನು ಕುರಿತು ನ್ಯಾಯಶಾಸ್ತ್ರಜ್ಞರೂ ಸಮಾಜವಿಜ್ಞಾನಿಗಳೂ ವಿಪುಲವಾಗಿ ಬರೆದಿದ್ದಾರೆ. ಆ ಪದ್ಧತಿಯಿಂದ ತಾಯ್ತಂದೆಯರ ಹೃದಯದಲ್ಲಿ ಹುಟ್ಟುವ ಭೀತಿಯು ಇತಿಹಾಸದಿಂದಲೂ ನ್ಯಾಯವ್ಯವಸ್ಥೆಯಿಂದಲೂ ಸಂಪಾದಿತವಾದ ಜ್ಞಾನವೆಂಬುದನ್ನೂ, ಆ ಜ್ಞಾನದಿಂದ ಹೊರಟ ಉಪದೇಶವು ಎಷ್ಟೇ ವಿವೇಕಯುಕ್ತವಾಗಿದ್ದರೂ ತನ್ನಷ್ಟಕ್ಕೆ ತಾನೇ ಮಗುವನ್ನು ಕಾಪಾಡಲಾರದೆಂಬುದನ್ನೂ ಪ್ರತಿಪಾದಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಶಂಕೆಯ ಬೇರುಗಳು ಗುಲಾಮಗಿರಿಯ ಕಾಲಕ್ಕೆ ಇಳಿಯುತ್ತವೆ. ದಕ್ಷಿಣ ಕ್ಯಾರೊಲಿನಾದಲ್ಲಿ 1704ರಷ್ಟು ಹಿಂದೆಯೇ ಶಾಸನದ ಮೂಲಕ ಏರ್ಪಟ್ಟ, ಮುಂದೆ ಇತರ ವಸಾಹತುಗಳಿಗೂ ಹರಡಿದ ಗಸ್ತುಪಡೆಗಳು, ತೋಟದ ಎಲ್ಲೆಯಾಚೆ ಕಂಡ ಕಪ್ಪು ಮನುಷ್ಯರನ್ನು ತಡೆದು ಒಡೆಯನ ರಹದಾರಿ ಚೀಟಿಯನ್ನು ಕೇಳುತ್ತಿದ್ದುವು. 1865ರಲ್ಲಿ ಸಂವಿಧಾನದ ಹದಿಮೂರನೆಯ ತಿದ್ದುಪಡಿಯಿಂದ ಗುಲಾಮಗಿರಿ ರದ್ದಾದ ಕೂಡಲೇ ದಕ್ಷಿಣದ ಸಂಸ್ಥಾನಗಳು ರಚಿಸಿದ ‘ಕಪ್ಪು ಸಂಹಿತೆ’ಗಳು, ಉದ್ಯೋಗವಿಲ್ಲದೆ ತಿರುಗುವುದನ್ನೇ ಅಪರಾಧವೆಂದು ವಿಧಿಸಿ, ಬಿಡುಗಡೆ ಹೊಂದಿದವನ ನಡಿಗೆಯನ್ನೂ ಶಂಕಾಸ್ಪದವನ್ನಾಗಿ ಮಾಡಿದುವು. ಬಿಳಿಯನು ದಾರಿಯಲ್ಲಿ ನಡೆಯುವುದಕ್ಕೆ ಕಾರಣವನ್ನು ಹೇಳಬೇಕಾಗಿರಲಿಲ್ಲ, ಕರಿಯನು ಹೇಳಬೇಕಾಗಿದ್ದಿತು.

ತಾಯಿಯ ಉಪದೇಶವು ನ್ಯಾಯಾಲಯದ ದಾಖಲೆಯಲ್ಲಿಯೇ ಉಳಿದುಬಂದಿರುವ ಒಂದು ಪ್ರಕರಣ ಇಲ್ಲಿ ಮುಖ್ಯವಾಗುತ್ತದೆ. 1955ರ ಆಗಸ್ಟ್ ತಿಂಗಳಲ್ಲಿ ಚಿಕಾಗೋ ನಗರದ 14 ವರ್ಷದ ಬಾಲಕ ಎಮ್ಮೆಟ್ ಟಿಲ್ ಮಿಸಿಸಿಪಿಯಲ್ಲಿದ್ದ ಬಂಧುಗಳ ಮನೆಗೆ ಹೊರಟನು. ಅಲ್ಲಿನ ಬಿಳಿಯರೊಡನೆ ಮಾತನಾಡುವಾಗ ಎಚ್ಚರದಿಂದಿರಬೇಕು, ಅಗತ್ಯಬಿದ್ದರೆ ಮಂಡಿಯೂರಿಯಾದರೂ ತಗ್ಗಿ ನಡೆಯಬೇಕು ಎಂದು ತಾನು ಮಗನಿಗೆ ಹೇಳಿ ಕಳುಹಿಸಿದುದಾಗಿ ತಾಯಿ ಮೇಮಿ ಮುಂದೆ ಸಾಕ್ಷಿಕಟ್ಟೆಯಲ್ಲಿ ನುಡಿದಳು. ಬಿಳಿಯ ಸ್ತ್ರೀಯೊಬ್ಬಳೊಡನೆ ಅನುಚಿತವಾಗಿ ವರ್ತಿಸಿದನೆಂಬ ಆರೋಪದ ಮೇಲೆ ಬಾಲಕನನ್ನು ನಡುರಾತ್ರಿ ಎಳೆದೊಯ್ದು ಕೊಂದರು. ಬಿಳಿಯರಷ್ಟೇ ಇದ್ದ ಜ್ಯೂರಿಯು ಆಪಾದಿತರಿಬ್ಬರನ್ನೂ ನಿರ್ದೋಷಿಗಳೆಂದು ಬಿಟ್ಟಿತು. ಮಗನ ವಿಕೃತವಾದ ಮುಖವನ್ನು ಲೋಕವೆಲ್ಲ ಕಾಣಲೆಂದು ತಾಯಿ ಶವಪೆಟ್ಟಿಗೆಯನ್ನು ತೆರೆದಿರಿಸಿದಳು. ಹೇಳಬೇಕಾದುದೆಲ್ಲವನ್ನೂ ಹೇಳಿಯಾಗಿದ್ದಿತು, ಮಗನು ಉಳಿಯಲಿಲ್ಲ.

ಅದು ಕಾನೂನನ್ನು ಮೀರಿದವರ ಕೃತ್ಯವೆಂದು ವಾದಿಸಬಹುದು. ಹಾಗಾದರೆ ಕಾನೂನು ತಾನೇ ಏನು ಮಾಡಿತೆಂಬುದನ್ನು ನೋಡಬೇಕು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1968ರ ಟೆರಿ ಪ್ರಕರಣದಲ್ಲಿ, ಬಂಧಿಸುವುದಕ್ಕೆ ಸಾಲುವಷ್ಟು ಕಾರಣವಿಲ್ಲದಿದ್ದರೂ ಯುಕ್ತವಾದ ಸಂಶಯವಿದ್ದ ಮಾತ್ರಕ್ಕೆ ಒಬ್ಬನನ್ನು ತಡೆದು ಮೈತಡವಿ ನೋಡಬಹುದೆಂದು ತೀರ್ಮಾನಿಸಿತು. 1996ರ ವ್ರೆನ್ ಪ್ರಕರಣದಲ್ಲಿ, ಸಂಚಾರನಿಯಮದ ಉಲ್ಲಂಘನೆಯೊಂದಿದ್ದರೆ ವಾಹನವನ್ನು ನಿಲ್ಲಿಸಿದ ಅಧಿಕಾರಿಯ ಆಂತರಿಕ ಉದ್ದೇಶವನ್ನು ನಾಲ್ಕನೆಯ ತಿದ್ದುಪಡಿಯಡಿಯಲ್ಲಿ ವಿಚಾರಿಸಬೇಕಾಗಿಲ್ಲವೆಂದಿತು. ಇಂತಹ ವಿವೇಚನಾಧಿಕಾರ ಬೀದಿಯಲ್ಲಿ ಯಾವ ರೂಪವನ್ನು ತಾಳಿತೆಂಬುದಕ್ಕೆ ನ್ಯೂಯಾರ್ಕ್ ನಗರವೇ ನಿದರ್ಶನ. 2004ರ ಜನವರಿಯಿಂದ 2012ರ ಜೂನ್‌ವರೆಗೆ ಅಲ್ಲಿನ ಪೊಲೀಸರು 44 ಲಕ್ಷ ಸಲ ಜನರನ್ನು ತಡೆದರು. ಹಾಗೆ ತಡೆಯಲ್ಪಟ್ಟವರಲ್ಲಿ ಶೇಕಡ 80ಕ್ಕಿಂತ ಹೆಚ್ಚು ಮಂದಿ ಕಪ್ಪು ಅಥವಾ ಹಿಸ್ಪಾನಿಕ್ ಜನರು. ಶೇಕಡ 88 ಸಂದರ್ಭಗಳಲ್ಲಿ ಮುಂದಿನ ಯಾವ ಕ್ರಮಕ್ಕೂ ಆಸ್ಪದವೇ ದೊರೆಯಲಿಲ್ಲ. 2013ರಲ್ಲಿ ನ್ಯಾಯಾಧೀಶೆ ಶಿರಾ ಶೈಂಡ್ಲಿನ್ ಈ ಆಚರಣೆಯನ್ನು ಸಂವಿಧಾನವಿರುದ್ಧವೆಂದು ಸಾರಿದರು. ಅಪರಾಧಗಳನ್ನು ತಡೆಗಟ್ಟಲು ಇದು ಅನಿವಾರ್ಯವೆಂಬ ವಾದವನ್ನೂ ಕಾಲವು ಪರೀಕ್ಷಿಸಿತು: 2011ರಲ್ಲಿ 6 ಲಕ್ಷ 85 ಸಾವಿರವನ್ನು ಮೀರಿದ್ದ ತಡೆಗಳು 2016ರ ಹೊತ್ತಿಗೆ ಸುಮಾರು 12 ಸಾವಿರಕ್ಕೆ ಇಳಿದರೂ ನಗರದಲ್ಲಿ ಕೊಲೆಗಳು ಹೆಚ್ಚಲಿಲ್ಲ, ಕಡಮೆಯೇ ಆದುವು.

ಮಕ್ಕಳ ವಿಷಯದಲ್ಲಿ ಈ ಶಂಕೆಯು ಮತ್ತೊಂದು ಅನ್ಯಾಯವನ್ನೂ ಕೂಡಿಸಿಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞ ಫಿಲಿಪ್ ಗಾಫ್ ಮತ್ತು ಸಹಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಘೋರಾಪರಾಧದ ಶಂಕಿತನೆಂದು ಹೇಳಿ ಕಪ್ಪು ಬಾಲಕನ ಚಿತ್ರವನ್ನು ತೋರಿಸಿದಾಗ ನೋಡುಗರು ಅವನ ವಯಸ್ಸನ್ನು ಸರಾಸರಿ ನಾಲ್ಕೂವರೆ ವರ್ಷದಷ್ಟು ಹೆಚ್ಚಾಗಿ ಅಂದಾಜು ಮಾಡಿದರು. ಹದಿಮೂರರ ಹುಡುಗನು ಹೀಗೆ ಪರರ ದೃಷ್ಟಿಯಲ್ಲಿ ಪ್ರೌಢನಾಗಿಬಿಡುತ್ತಾನೆ. ಬಾಲ್ಯಕ್ಕೆ ಸಹಜವಾಗಿ ಸಲ್ಲಬೇಕಾದ ಕ್ಷಮೆ ಅವನಿಗೆ ಸಲ್ಲುವುದಿಲ್ಲ.

ಅದೇ ವರ್ಷ ನವೆಂಬರ್ 22ರಂದು ಓಹಾಯೋ ಸಂಸ್ಥಾನದ ಕ್ಲೀವ್‌ಲ್ಯಾಂಡ್ ನಗರದಲ್ಲಿ ನಡೆದುದು ಈ ನಿರ್ಣಯಕ್ಕೆ ದಾರುಣವಾದ ಭಾಷ್ಯವಾಯಿತು. 12 ವರ್ಷದ ಟಮೀರ್ ರೈಸ್ ಉದ್ಯಾನವೊಂದರಲ್ಲಿ ಆಟದ ಪಿಸ್ತೂಲನ್ನು ಹಿಡಿದಿದ್ದನು. ಪೊಲೀಸರಿಗೆ ದೂರವಾಣಿ ಮಾಡಿದವನು, ಅದು ಬಹುಶಃ ನಕಲಿ ಪಿಸ್ತೂಲೆಂದೂ, ಹಿಡಿದವನು ಬಹುಶಃ ಅಪ್ರಾಪ್ತ ವಯಸ್ಕನೆಂದೂ ಹೇಳಿದ್ದನು. ಆದರೆ ಸ್ಥಳಕ್ಕೆ ಧಾವಿಸಿದ ಅಧಿಕಾರಿಗಳಿಗೆ ಈ ಎರಡು ಮಾತುಗಳೂ ತಲುಪಲಿಲ್ಲ. ಕಾರು ಬಂದು ನಿಂತ 2 ಸೆಕೆಂಡುಗಳೊಳಗೆ ಗುಂಡು ಹಾರಿತು. ತಮ್ಮನ ಬಳಿಗೆ ಓಡಿಬಂದ 14 ವರ್ಷದ ಅಕ್ಕನನ್ನು ನೆಲಕ್ಕೆ ಕೆಡವಿ ಕೈಕೋಳ ತೊಡಿಸಿದರು. ಗ್ರ್ಯಾಂಡ್ ಜ್ಯೂರಿಯು ಯಾರ ಮೇಲೂ ದೋಷಾರೋಪಣೆ ಮಾಡಲೊಪ್ಪಲಿಲ್ಲ. ತಾಯಿ ಕಲಿಸಿದ ವಿನಯವನ್ನು ತೋರಿಸುವುದಕ್ಕೆ 2 ಸೆಕೆಂಡುಗಳಲ್ಲಿ ಯಾವ ಮಗುವಿಗೆ ತಾನೇ ಸಾಧ್ಯ?

ಸಾಹಿತ್ಯವೂ ಈ ಭೀತಿಯ ಸ್ಥಾಯಿತ್ವಕ್ಕೆ ಸಾಕ್ಷಿಯಾಗಿದೆ. ಜೇಮ್ಸ್ ಬಾಲ್ಡ್‌ವಿನ್ 1963ರಲ್ಲಿ ಪ್ರಕಟಿಸಿದ ಗ್ರಂಥವು ತಮ್ಮನ ಮಗನಿಗೆ ಬರೆದ ಪತ್ರದಿಂದ ತೊಡಗುತ್ತದೆ. ಟಾ-ನೆಹಿಸಿ ಕೋಟ್ಸ್ 2015ರಲ್ಲಿ ಪ್ರಕಟಿಸಿದ ಗ್ರಂಥವು ಆದ್ಯಂತವಾಗಿ ಮಗನಿಗೆ ಬರೆದ ಪತ್ರವೇ ಆಗಿದೆ. ಐವತ್ತೆರಡು ವರ್ಷಗಳ ಅಂತರದಲ್ಲಿ ಹಿರಿಯನು ಕಿರಿಯನಿಗೆ ಎಚ್ಚರಿಕೆಯ ಪತ್ರವನ್ನು ಮತ್ತೆ ಬರೆಯಬೇಕಾಗಿ ಬಂದುದೇ ಒಂದು ಸಮಾಜದ ಮೇಲಣ ಆರೋಪಪಟ್ಟಿ.

ಈ ವಿಷಯ ನಮಗೆ ದೂರದ್ದೆಂದು ಭಾವಿಸತಕ್ಕದ್ದಲ್ಲ. 2015ರಲ್ಲಿ ಅಲಬಾಮ ಸಂಸ್ಥಾನದಲ್ಲಿ, ಮೊಮ್ಮಗನ ಆರೈಕೆಗೆ ನೆರವಾಗಲೆಂದು ಗುಜರಾತಿನಿಂದ ಹೋಗಿದ್ದ, ಇಂಗ್ಲಿಷ್ ಬಾರದ ವೃದ್ಧರೊಬ್ಬರು ಮಗನ ಮನೆಯ ಬೀದಿಯಲ್ಲಿ ನಡೆಯುತ್ತಿದ್ದಾಗ, ಕಪ್ಪು ಮನುಷ್ಯನೊಬ್ಬನು ಸುತ್ತಾಡುತ್ತಿರುವನೆಂಬ ನೆರೆಯವರ ಕರೆಯ ಮೇಲೆ ಬಂದ ಪೊಲೀಸರು ಅವರನ್ನು ನೆಲಕ್ಕೆ ಕೆಡವಿದುದರಿಂದ ಅವರ ದೇಹ ಭಾಗಶಃ ಸ್ವಾಧೀನ ತಪ್ಪಿತು. ಅಲ್ಲಿ ನೆಲೆಸಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡ ಕುಟುಂಬಗಳು ‘ನಾವು ಅವರಲ್ಲ’ ಎಂಬ ಸಮಾಧಾನದಲ್ಲಿ ರಕ್ಷಣೆಯನ್ನು ಅರಸುವುದು ವ್ಯರ್ಥ. ನೆರೆಯವನ ಮಗನನ್ನು ಶಂಕೆಗೊಪ್ಪಿಸಿ ತನ್ನ ಮಗನನ್ನು ಉಳಿಸಿಕೊಳ್ಳುವೆನೆಂಬುದು ಧರ್ಮವೂ ಅಲ್ಲ.

ಇದುವರೆಗಿನ ವಿವೇಚನೆಯಿಂದ ಫಲಿಸುವ ಸಿದ್ಧಾಂತ ಇಷ್ಟು. ಸಂಯಮದ ಭಾರವನ್ನು ನಿರಾಯುಧನಾದ ಮಗುವಿನ ಮೇಲೆ ಹೊರಿಸಿ, ಆಯುಧಧಾರಿಯಾದ ವಯಸ್ಕನ ಭಯಕ್ಕೆ ಮಾತ್ರ ರಿಯಾಯಿತಿ ತೋರಿಸುವ ವ್ಯವಸ್ಥೆಯು ನ್ಯಾಯದ ಹೆಸರಿಗೆ ಅರ್ಹವಲ್ಲ. ಪ್ರತಿಯೊಂದು ತಡೆಗೂ ಕಾರಣವನ್ನು ಲಿಖಿತವಾಗಿ ದಾಖಲಿಸುವುದು, ದೂರು ಕೊಟ್ಟವನ ಮಾತನ್ನು ಪೂರ್ಣವಾಗಿ ಸ್ಥಳಕ್ಕೆ ತಲುಪಿಸುವುದು, ಗುಂಡು ಹಾರಿಸುವ ಮೊದಲು ದೂರದಲ್ಲಿ ನಿಂತು ವಿಚಾರಿಸುವುದು, ತಪ್ಪಿದ ಅಧಿಕಾರಿಯನ್ನು ಸ್ವತಂತ್ರ ವಿಚಾರಣೆಗೆ ಗುರಿಪಡಿಸುವುದು—ಇವೆಲ್ಲ ರಾಜ್ಯವು ಕಲಿಯಬೇಕಾದ ಪಾಠಗಳು. ತಾಯ್ತಂದೆಯರು ತಮ್ಮ ಪಾಲಿನ ಪಾಠವನ್ನು ಮಕ್ಕಳಿಗೆ ಹೇಳಿ ಬಹುಕಾಲವಾಯಿತು. ತನ್ನ ಪಾಲಿನದನ್ನು ರಾಜ್ಯವು ಇನ್ನಾದರೂ ಕಲಿಯತಕ್ಕದ್ದು.