ಸೋತ ತಿದ್ದುಪಡಿಗಳ ಸದಸ್ಯ: ಹರಿ ವಿಷ್ಣು ಕಾಮತ್ ಮತ್ತು ತುರ್ತು ಪರಿಸ್ಥಿತಿಯ ವಿಧಿಗಳು

ಭಾರತದ ಸಂವಿಧಾನದ ಕರಡಿನ ಮೇಲೆ ಸುಮಾರು 7,635 ತಿದ್ದುಪಡಿ ಸೂಚನೆಗಳು ಸಂವಿಧಾನ ರಚನಾ ಸಭೆಗೆ ಬಂದಿದ್ದವು; ಅವುಗಳಲ್ಲಿ 2,473 ಮಾತ್ರ ಸಭೆಯಲ್ಲಿ ಮಂಡನೆಯಾದವು. ಕಾಂಗ್ರೆಸ್ಸಿಗೆ ಅಲ್ಲಿ ಅಪಾರ ಬಹುಮತವಿದ್ದು, ಮುಖ್ಯ ವಿಷಯಗಳು ಪಕ್ಷದ ಒಳಸಭೆಯಲ್ಲಿಯೇ ಮೊದಲು ಇತ್ಯರ್ಥವಾಗುತ್ತಿದ್ದುದರಿಂದ, ಒಬ್ಬಂಟಿ ಸದಸ್ಯನೊಬ್ಬ ತಂದ ತಿದ್ದುಪಡಿ ಗೆಲ್ಲುವ ಸಂಭವ ತೀರ ಕಡಿಮೆಯಿತ್ತು. ಇದನ್ನು ಚೆನ್ನಾಗಿ ಬಲ್ಲವರಾಗಿದ್ದೂ ದಿನದಿನವೂ ಎದ್ದುನಿಂತು ವಾದಿಸಿದ ಕೆಲವರಲ್ಲಿ ಹರಿ ವಿಷ್ಣು ಕಾಮತ್ ಪ್ರಮುಖರು. 1949ರ ನವೆಂಬರ್ 25ರಂದು ಡಾ. ಬಿ. ಆರ್. ಅಂಬೇಡ್ಕರ್ ತಮ್ಮ ಸಮಾರೋಪ ಭಾಷಣದಲ್ಲಿ, ಪಕ್ಷದ ಶಿಸ್ತಿಗೆ ಎಲ್ಲರೂ ತಲೆಬಾಗಿದ್ದರೆ ಕಲಾಪಗಳು ನೀರಸವಾಗುತ್ತಿದ್ದವೆಂದೂ ಹಾಗಾಗದಂತೆ ಮಾಡಿದವರು ಈ ಬಂಡಾಯಗಾರರೆಂದೂ ಹೇಳಿ, ಅವರ ಹೆಸರುಗಳನ್ನು ಎಣಿಸುವಾಗ ಕಾಮತರಿಂದಲೇ ಆರಂಭಿಸಿದರು. ಸ್ವತಃ ಅಂಬೇಡ್ಕರರನ್ನೇ ಕಾಮತ್ ಹಲವು ಬಾರಿ ತೀಕ್ಷ್ಣವಾಗಿ ಟೀಕಿಸಿದ್ದರೆಂಬುದನ್ನು, ಅದರಲ್ಲೂ ಗ್ರಾಮಗಳ ಕುರಿತ ಅವರ ಮಾತನ್ನು 1948ರ ನವೆಂಬರಿನಲ್ಲಿ ನೇರವಾಗಿ ವಿರೋಧಿಸಿದ್ದರೆಂಬುದನ್ನು ನೆನೆದರೆ, ಈ ಮೆಚ್ಚುಗೆಯ ತೂಕ ಇನ್ನೂ ಹೆಚ್ಚುತ್ತದೆ.

ಕಾಮತ್ 1907ರಲ್ಲಿ ಮಂಗಳೂರಿನಲ್ಲಿ ಜನಿಸಿದರು. ಬ್ರಿಟಿಷ್ ಆಡಳಿತದ ಉನ್ನತ ಸೇವೆಯಾದ ಐಸಿಎಸ್ ಸೇರಿ ಮಧ್ಯಪ್ರಾಂತದಲ್ಲಿ ಅಧಿಕಾರಿಯಾಗಿದ್ದ ಅವರು 1938ರಲ್ಲಿ ಆ ಹುದ್ದೆಯನ್ನು ತೊರೆದು, ಸುಭಾಷ್‌ಚಂದ್ರ ಬೋಸರ ಫಾರ್ವರ್ಡ್ ಬ್ಲಾಕ್‌ನ ಸಂಘಟನೆಯಲ್ಲಿ ತೊಡಗಿದರು. ಸಂವಿಧಾನ ಸಭೆಗೆ ಅವರು ಹೋದದ್ದು ಮಧ್ಯಪ್ರಾಂತ ಮತ್ತು ಬೇರಾರಿನ ಪ್ರತಿನಿಧಿಯಾಗಿ. ಪ್ರಭುತ್ವದ ಯಂತ್ರವನ್ನು ಒಳಗಿನಿಂದ ನಡೆಸಿದ ಅನುಭವವೂ ಅದೇ ಯಂತ್ರದ ಎದುರಾಳಿಯಾಗಿ ನಿಂತ ಅನುಭವವೂ ಒಬ್ಬರಲ್ಲಿಯೇ ಕೂಡಿದ್ದರಿಂದ, ಅಧಿಕಾರವನ್ನು ಕಾನೂನಿನ ಯಾವ ಮಾತು ಎಷ್ಟು ದೂರ ಬಿಟ್ಟುಕೊಡುತ್ತದೆಂಬ ಪ್ರಶ್ನೆಯಲ್ಲಿ ಅವರ ಕಿವಿ ಸೂಕ್ಷ್ಮವಾಗಿತ್ತು.

ಅವರ ಹೆಸರಿನೊಡನೆ ಸಾಮಾನ್ಯವಾಗಿ ಸ್ಮರಿಸಲ್ಪಡುವುದು ಪ್ರಸ್ತಾವನೆಯನ್ನು ದೇವರ ಹೆಸರಿನಿಂದ ಆರಂಭಿಸಬೇಕೆಂದು 1949ರ ಅಕ್ಟೋಬರ್ 17ರಂದು ಅವರು ತಂದ ತಿದ್ದುಪಡಿ. ಅದನ್ನು ಅವರು ಮತಕ್ಕೆ ಹಾಕಿಸಿದಾಗ 41 ಮತಗಳು ಪರವಾಗಿಯೂ 68 ಮತಗಳು ವಿರುದ್ಧವಾಗಿಯೂ ಬಿದ್ದವು. ನಂಬಿಕೆಯನ್ನು ಬಹುಮತದಿಂದ ನಿರ್ಣಯಿಸಲಾಗದೆಂಬ ಹೃದಯನಾಥ ಕುಂಜ್ರೂ ಮೊದಲಾದವರ ಆಕ್ಷೇಪಣೆಯೇ ಅಂದು ಸರಿಯಾಗಿತ್ತು. ಕಾಮತರ ನಿಜವಾದ ಕೊಡುಗೆಯನ್ನು ಕಾಣಬೇಕಾದದ್ದು ಅದಕ್ಕೂ ಎರಡು ತಿಂಗಳು ಹಿಂದೆ, ಆಗಸ್ಟ್ ತಿಂಗಳಿನಲ್ಲಿ, ತುರ್ತು ಪರಿಸ್ಥಿತಿಯ ವಿಧಿಗಳ ಮೇಲೆ ನಡೆದ ಚರ್ಚೆಯಲ್ಲಿ.

ಇಂದಿನ 352ನೇ ವಿಧಿ ಅಂದಿನ ಕರಡಿನಲ್ಲಿ 275ನೆಯದಾಗಿತ್ತು. ದೇಶದ ಭದ್ರತೆಗೆ ಅಪಾಯವಿದೆಯೆಂದು ರಾಷ್ಟ್ರಪತಿಗೆ ಮನವರಿಕೆಯಾದರೆ ತುರ್ತು ಪರಿಸ್ಥಿತಿಯನ್ನು ಘೋಷಿಸಬಹುದೆಂದು ಅದು ಹೇಳುತ್ತಿತ್ತು. ಘೋಷಣೆಗೆ ಕಾರಣವಾಗಬಹುದಾದ ಸಂದರ್ಭಗಳಲ್ಲಿ ಯುದ್ಧ ಮತ್ತು ಬಾಹ್ಯ ಆಕ್ರಮಣದ ಜೊತೆಗೆ ಆಂತರಿಕ ಕ್ಷೋಭೆಯೂ ಸೇರಿತ್ತು. ಇಂದಿನ 359ನೆಯದಾದ ಕರಡಿನ 280ನೇ ವಿಧಿಯಂತೂ, ತುರ್ತು ಪರಿಸ್ಥಿತಿ ಜಾರಿಯಲ್ಲಿರುವಾಗ ಮೂಲಭೂತ ಹಕ್ಕುಗಳ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೋಗುವ ದಾರಿಯನ್ನೇ ರಾಷ್ಟ್ರಪತಿಯ ಆದೇಶದ ಮೂಲಕ ಮುಚ್ಚಲು ಅವಕಾಶ ಕೊಡುತ್ತಿತ್ತು. ಸ್ವತಂತ್ರ ದೇಶಗಳ ಸಂವಿಧಾನಗಳಲ್ಲಿ ಹುಡುಕಿದರೂ ಇಂಥ ಅಧ್ಯಾಯಕ್ಕೆ ಸಮನಾದುದು ಸಿಕ್ಕಲಿಲ್ಲವೆಂದು ವಾದಿಸಿದ ಕಾಮತ್, ತೀರ ಹತ್ತಿರದ ಹೋಲಿಕೆಯೆಂದರೆ ಮೊದಲ ಮಹಾಯುದ್ಧದ ನಂತರ ಜರ್ಮನಿ ಅಂಗೀಕರಿಸಿದ್ದ ವೈಮಾರ್ ಸಂವಿಧಾನವೆಂದು ತೋರಿಸಿದರು. ಆ ಸಂವಿಧಾನದ 48ನೇ ವಿಧಿ ತುರ್ತು ಸಂದರ್ಭದಲ್ಲಿ ನಾಗರಿಕ ಹಕ್ಕುಗಳನ್ನು ಅಮಾನತಿನಲ್ಲಿಡುವ ಅಧಿಕಾರವನ್ನು ಅಧ್ಯಕ್ಷನಿಗೆ ಕೊಟ್ಟಿತ್ತು, ಮತ್ತು 1933ರಲ್ಲಿ ಹಿಟ್ಲರನ ಸರ್ವಾಧಿಕಾರಕ್ಕೆ ಬಾಗಿಲು ತೆರೆದದ್ದು ಆ ವಿಧಿಯ ಬಳಕೆಯೇ. 280ನೇ ವಿಧಿ ಅಂಗೀಕಾರವಾದ 1949ರ ಆಗಸ್ಟ್ 20ನ್ನು ಅವರು ನಾಚಿಕೆಯ ಹಾಗೂ ದುಃಖದ ದಿನವೆಂದು ಕರೆದರು.

ವಿರುದ್ಧ ಪಕ್ಷದವರ ವಾದವನ್ನು ಹಗುರವಾಗಿ ಕಾಣುವುದು ಅನ್ಯಾಯವಾದೀತು. ದೇಶವಿಭಜನೆಯ ಹಿಂಸೆ, ಕಾಶ್ಮೀರದ ಯುದ್ಧ, ಹೈದರಾಬಾದಿನ ಸಂಘರ್ಷ ಇವೆಲ್ಲ ಹಿಂದಿನ ಎರಡು ವರ್ಷಗಳ ಘಟನೆಗಳಾಗಿದ್ದು, ಪ್ರಭುತ್ವವೇ ಉಳಿಯದಿದ್ದರೆ ಹಕ್ಕುಗಳೂ ಉಳಿಯವೆಂಬ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಮುಂತಾದವರ ನಿಲುವಿಗೆ ಅನುಭವದ ಆಧಾರವಿತ್ತು. ಆದರೆ ಅಪಾಯವಿದೆಯೆಂಬುದನ್ನು ತೀರ್ಮಾನಿಸುವವರನ್ನೇ ಯಾರು ಪರೀಕ್ಷಿಸಬೇಕೆಂಬ ಕಾಮತರ ಪ್ರಶ್ನೆಗೆ ಆ ವಾದದಲ್ಲಿ ಉತ್ತರವಿರಲಿಲ್ಲ. ಭವಿಷ್ಯದ ಸರ್ಕಾರಗಳು ವಿವೇಕದಿಂದ ನಡೆದುಕೊಳ್ಳುತ್ತವೆಂಬ ಭರವಸೆ ಮಾತ್ರವಿತ್ತು.

ಸಂವಿಧಾನ ಜಾರಿಗೆ ಬಂದ ನಂತರ ಕಾಮತರ ದಾರಿ ಸುಲಭವಾಗಿರಲಿಲ್ಲ. ಮೊದಲ ಮಹಾಚುನಾವಣೆಯಲ್ಲಿ ಹೋಶಂಗಾಬಾದ್ ಲೋಕಸಭಾ ಕ್ಷೇತ್ರದಿಂದ ಸ್ಪರ್ಧಿಸಿ 174 ಮತಗಳಿಂದ ಸೋತ ಅವರು, ಎದುರಾಳಿಗೆ ಲೆಕ್ಕಹಾಕಿದ ಮತಪತ್ರಗಳಲ್ಲಿ 301ರ ಮೇಲೆ ನಿಯಮದಂತೆ ಇರಬೇಕಾದ ಗುರುತು ಇರಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ಆ ಆಯ್ಕೆಯನ್ನು ರದ್ದುಮಾಡಿಸಿದರು. 1954ರ ಡಿಸೆಂಬರಿನ ಆ ತೀರ್ಪು ಇಂದಿಗೂ ಚುನಾವಣಾ ಕಾನೂನಿನ ಆಧಾರಗಳಲ್ಲೊಂದು. ಅನಂತರ ಪ್ರಜಾ ಸೋಷಲಿಸ್ಟ್ ಪಕ್ಷದ ಸದಸ್ಯರಾಗಿ ಲೋಕಸಭೆಯಲ್ಲಿದ್ದ ಅವರು, 1966ರಲ್ಲಿ ನೇಮಕವಾದ ಆಡಳಿತ ಸುಧಾರಣಾ ಆಯೋಗದ ಸದಸ್ಯರೂ ಆದರು. ಮುಂದೆ ಕೆಂಗಲ್ ಹನುಮಂತಯ್ಯನವರು ಅಧ್ಯಕ್ಷರಾದ ಈ ಆಯೋಗವೇ ಲೋಕಪಾಲ ಮತ್ತು ಲೋಕಾಯುಕ್ತರ ನೇಮಕವನ್ನು ಮೊದಲಿಗೆ ಶಿಫಾರಸು ಮಾಡಿದ್ದು.

1949ರ ಎಚ್ಚರಿಕೆ 1975ರ ಜೂನ್ 25ರ ರಾತ್ರಿ ನಿಜವಾಯಿತು. ಆಂತರಿಕ ಕ್ಷೋಭೆಯ ಕಾರಣ ನೀಡಿ ತುರ್ತು ಪರಿಸ್ಥಿತಿಯನ್ನು ಘೋಷಿಸಲಾಯಿತು. ಸಚಿವ ಸಂಪುಟಕ್ಕೆ ಆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ. ಸಂಸದೀಯ ಸಮಿತಿಯ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮೊದಲಾದವರು ಅಲ್ಲಿಯೇ ಬಂಧಿತರಾದರು. ಬಂಧಿತನನ್ನು ತನ್ನೆದುರು ಹಾಜರುಪಡಿಸಿ ಬಂಧನದ ಕಾರಣವನ್ನು ತಿಳಿಸುವಂತೆ ನ್ಯಾಯಾಲಯ ಆಜ್ಞಾಪಿಸುವ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಕರ್ನಾಟಕವೂ ಸೇರಿದಂತೆ ಹಲವು ಹೈಕೋರ್ಟುಗಳು ವಿಚಾರಣೆಗೆ ಎತ್ತಿಕೊಂಡವು. ಆದರೆ 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, 359ನೇ ವಿಧಿಯ ಅಡಿಯ ಆದೇಶವಿರುವಾಗ ಅಂಥ ಅರ್ಜಿಗಳಿಗೆ ಅವಕಾಶವೇ ಇಲ್ಲವೆಂದು ತೀರ್ಪಿತ್ತರು. ಭಿನ್ನಮತ ದಾಖಲಿಸಿದವರು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ.

1977ರ ಚುನಾವಣೆಯಲ್ಲಿ ಹೋಶಂಗಾಬಾದಿನಿಂದಲೇ ಗೆದ್ದು ಬಂದ ಎಪ್ಪತ್ತರ ಹರೆಯದ ಕಾಮತ್ ಕುಳಿತಿದ್ದ ಆರನೇ ಲೋಕಸಭೆಯೇ ಈ ವಿಧಿಗಳನ್ನು ತಿದ್ದಿತು. 1978ರ ಸಂವಿಧಾನದ 44ನೇ ತಿದ್ದುಪಡಿ ಆಂತರಿಕ ಕ್ಷೋಭೆಯೆಂಬ ಅಸ್ಪಷ್ಟ ಮಾತನ್ನು ತೆಗೆದು ಸಶಸ್ತ್ರ ಬಂಡಾಯವೆಂಬ ಮಾತನ್ನು ಇಟ್ಟಿತು. ಸಂಪುಟದ ತೀರ್ಮಾನ ಲಿಖಿತವಾಗಿ ತಲುಪಿದ ಹೊರತು ರಾಷ್ಟ್ರಪತಿ ಘೋಷಣೆ ಹೊರಡಿಸುವಂತಿಲ್ಲವೆಂದು ವಿಧಿಸಿತು. ಒಂದು ತಿಂಗಳೊಳಗೆ ವಿಶೇಷ ಬಹುಮತದಿಂದ ಸಂಸತ್ತಿನ ಒಪ್ಪಿಗೆಯನ್ನು ಕಡ್ಡಾಯಗೊಳಿಸಿತು. ಎಲ್ಲಕ್ಕಿಂತ ಮುಖ್ಯವಾಗಿ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ 21ನೇ ವಿಧಿಯನ್ನೂ ಅಪರಾಧ ಶಿಕ್ಷೆಗೆ ಸಂಬಂಧಿಸಿದ 20ನೇ ವಿಧಿಯನ್ನೂ ತುರ್ತು ಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡಲಾಗದಂತೆ ಮಾಡಿತು. 1949ರಲ್ಲಿ ಸೋತ ವಾದದ ಸಾರ ಮೂರು ದಶಕಗಳ ನಂತರ, ಸಾವಿರಾರು ಜನರ ಸೆರೆವಾಸದ ಬೆಲೆ ತೆತ್ತು, ಕಾನೂನಾಯಿತು. ಅಂದು ಗೆದ್ದವರಿಗಿಂತ ಕಾಮತರೇ ದೂರವನ್ನು ಕಂಡಿದ್ದರೆಂದು ಹೇಳಲು ಈ ಒಂದು ತಿದ್ದುಪಡಿಯೇ ಸಾಕು.

ಆದರೂ ಕೆಲಸ ಪೂರ್ತಿಯಾಗಿಲ್ಲ. ವಿಚಾರಣೆಯಿಲ್ಲದೆ, ಮುಂದೆ ಅಪರಾಧ ನಡೆಯಬಹುದೆಂಬ ಶಂಕೆಯ ಮೇಲೆ ಮಾಡುವ ಮುಂಜಾಗ್ರತಾ ಬಂಧನದ ಅವಧಿಯನ್ನು, ಸಲಹಾ ಮಂಡಳಿಯ ಪರಿಶೀಲನೆಯಿಲ್ಲದಿದ್ದಾಗ ಮೂರು ತಿಂಗಳಿನಿಂದ ಎರಡಕ್ಕೆ ಇಳಿಸುವ ಕಲಮೊಂದು ಅದೇ 44ನೇ ತಿದ್ದುಪಡಿಯಲ್ಲಿದೆ. ಸಂಸತ್ತು ಅಂಗೀಕರಿಸಿದರೂ ಅದನ್ನು ಜಾರಿಗೊಳಿಸುವ ಅಧಿಸೂಚನೆಯನ್ನು ಯಾವ ಪಕ್ಷದ ಸರ್ಕಾರವೂ ಇದುವರೆಗೆ ಹೊರಡಿಸಿಲ್ಲ.