ಸಾಲಿನ ಕೊನೆಯ ದೀಪ

ಗೋವಿನಕೋವಿ ಇದ್ದ ಜಾಗದಲ್ಲೇ ಇದೆ. ಅದರ ವಿಳಾಸ ಮಾತ್ರ ನಾವು ನೋಡನೋಡುತ್ತಲೇ ಎರಡು ಸಲ ಬದಲಾಯಿತು. ನಾನು ಚಿಕ್ಕವನಿದ್ದಾಗ ಇನ್‌ಲ್ಯಾಂಡ್ ಲೆಟರಿನ ಮೇಲೆ ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ ಎಂದು ಬರೆಯುತ್ತಿದ್ದೆವು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದಾಗ ಜಿಲ್ಲೆಯ ಹೆಸರು ಹೋಯಿತು. ಆಮೇಲೆ ನ್ಯಾಮತಿ ಹೊಸ ತಾಲ್ಲೂಕಾದಾಗ ತಾಲ್ಲೂಕಿನ ಹೆಸರೂ ಹೋಯಿತು. ಊರು ಒಂದು ಮಾರು ಕೂಡ ಸರಿದಿಲ್ಲ. ಅದು ನಿಂತಿದ್ದ ಸಾಲು ಬದಲಾಯಿತು, ಅಷ್ಟೇ.

ಇದು ನೆನಪಾದದ್ದು ಗಣಪತಿ ಹಬ್ಬದ ಹಿಂದಿನ ರಾತ್ರಿ, ನಮ್ಮ ಕಡೆಯ ಒಂದು ಪೆಂಡಾಲಿನಲ್ಲಿ. ಡಿಪ್ಲೊಮಾ ಓದುವ ಹುಡುಗನೊಬ್ಬ ಹಲಗೆಯ ಮೇಲೆ ಐದು ಮೀಟರ್ ಎಲ್‌ಇಡಿ ಪಟ್ಟಿಯನ್ನು ಓಂಕಾರದ ಆಕಾರಕ್ಕೆ ಅಂಟಿಸಿದ್ದ. ಪಟ್ಟಿಯಲ್ಲಿ 300 ದೀಪ. ಮೊಬೈಲಿನಲ್ಲಿ ಬೆರಳಾಡಿಸಿದರೆ ಬಣ್ಣ ಹರಿಯಬೇಕು. ಹರಿಯಿತು, ಅರ್ಧದವರೆಗೆ. ಅಲ್ಲಿಂದಾಚೆ ಕತ್ತಲು.

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಮೂವತ್ತು ವರ್ಷ ಮದುವೆ, ಜಾತ್ರೆಗಳಿಗೆ ಸೀರಿಯಲ್ ಸೆಟ್ ಕಟ್ಟಿದವರು. ‘ಕರೆಂಟು ಬರ್ತೈತಾ ನೋಡು ತಮ್ಮಾ’ ಎಂದರು. ಹುಡುಗ ಮೀಟರ್ ಇಟ್ಟು ನೋಡಿ, ‘ಕರೆಂಟು ಕೊನೇತನಕ ಐತೆ ದೊಡ್ಡಪ್ಪ. ಮಾತು ಹೋಗ್ತಿಲ್ಲ’ ಎಂದ.

ಕರೆಂಟು ಇದೆ, ಮಾತು ಹೋಗುತ್ತಿಲ್ಲ. ದೀಪದ ಚರಿತ್ರೆಯಲ್ಲಿ ಇದು ಹೊಸ ದೂರು. ನಮ್ಮ ಹಿಂದಿನವರ ದೂರು ಕರೆಂಟೇ ಇಲ್ಲ ಎನ್ನುವುದಾಗಿತ್ತು.

ಕರ್ನಾಟಕದಲ್ಲಿ ವಿದ್ಯುತ್ತಿನ ಕಥೆ ಶಿವನಸಮುದ್ರದಿಂದ ಶುರುವಾಗುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಯೋಜನೆ ಅದು. 1902ರಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗೆ ತಲುಪಿತು. ಆ ಕಾಲಕ್ಕೆ ಅಷ್ಟು ದೂರ ವಿದ್ಯುತ್ ಸಾಗಿಸಿದ್ದು ಜಗತ್ತೇ ತಿರುಗಿ ನೋಡುವ ಸಾಹಸ. ಆದರೆ ಆ ತಂತಿ ದಾರಿಯುದ್ದಕ್ಕೂ ಹಳ್ಳಿಗಳ ತಲೆಯ ಮೇಲೆ ಹಾದುಹೋಯಿತು. ಕೆಳಗಿನ ಮನೆಗಳಲ್ಲಿ ಎಣ್ಣೆ ಬುಡ್ಡಿಯೇ ಉರಿಯುತ್ತಿತ್ತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು. 1908ರಲ್ಲಿ ಮೈಸೂರಿನ ಸರದಿ. ಗಣಿ, ರಾಜಧಾನಿ, ಅರಮನೆ: ಮೊದಲ ಸಾಲು ಹೀಗಿತ್ತು.

ನಮ್ಮ ಸೀಮೆಗೆ ಹತ್ತಿರದ ಹೆಸರು ಜೋಗ. 1948ರಲ್ಲಿ ಅಲ್ಲಿ ವಿದ್ಯುದಾಗಾರ ಆರಂಭವಾಯಿತು. ಮುಂದೆ ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರು ಬಂತು, ಸಾಮರ್ಥ್ಯ 120 ಮೆಗಾವಾಟ್‌ಗೆ ಏರಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ನಾಡಿಗೇ ಬೆಳಕು ಕೊಟ್ಟಳು. ಅದೇ ಶರಾವತಿಯ ಹಿನ್ನೀರಿಗೆ ಮನೆ, ಗದ್ದೆ ಬಿಟ್ಟುಕೊಟ್ಟು ಎದ್ದು ಹೋದವರಲ್ಲಿ ಎಷ್ಟೋ ಕುಟುಂಬಗಳು ದಶಕಗಳ ಕಾಲ ಬುಡ್ಡಿ ದೀಪದಲ್ಲೇ ಉಳಿದವು. ಮಲೆನಾಡಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಹಳ್ಳಿಯ ಬಡವರ ಗುಡಿಸಲಿಗೆ ಕರೆಂಟು ಬಂದದ್ದು ಬಹುಮಟ್ಟಿಗೆ ‘ಭಾಗ್ಯಜ್ಯೋತಿ’ ಎಂಬ ಹೆಸರಿನಲ್ಲಿ, 1979-80ರ ಹೊತ್ತಿನಿಂದ. ಮನೆಗೊಂದೇ ಬಲ್ಬು. ಅದನ್ನು ಅಡುಗೆಮನೆಗೆ ಹಾಕಬೇಕೋ, ಮಕ್ಕಳು ಓದುವ ಜಗಲಿಗೆ ಹಾಕಬೇಕೋ ಎಂಬ ಚರ್ಚೆ ಎಷ್ಟು ಮನೆಗಳಲ್ಲಿ ನಡೆದಿರಬೇಡ! ಬಲ್ಬಿನ ಜೊತೆಗೆ ಇನ್ನೊಂದು ಬಂತು, ಆರ್‌.ಆರ್‌. ನಂಬರ್. ಕರೆಂಟು ಇಲಾಖೆಯ ಪುಸ್ತಕದಲ್ಲಿ ಆ ಮನೆಗೆ ಸಿಕ್ಕ ವಿಳಾಸ ಅದು. 2023ರಲ್ಲಿ ಗೃಹಜ್ಯೋತಿಗೆ ಅರ್ಜಿ ಹಾಕುವಾಗ ಎಲ್ಲರೂ ಹಳೆಯ ಬಿಲ್ಲು ಹುಡುಕಿಕೊಂಡು ಹೋದರು.

ಇದು ಮನೆಯ ದೀಪದ ಕಥೆ. ಹಬ್ಬದ ದೀಪದ ಕಥೆ ಬೇರೆ. ಧರ್ಮಸ್ಥಳದ ಲಕ್ಷದೀಪೋತ್ಸವದ ಹಣತೆಯನ್ನು ಒಂದೊಂದಾಗಿ ಕೈಯಿಂದಲೇ ಹಚ್ಚಬೇಕು. ಮೈಸೂರು ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳಿಗೆ ಆ ಕಷ್ಟವಿಲ್ಲ, ಸ್ವಿಚ್ಚು ಒತ್ತಿದ ಗಳಿಗೆಯಲ್ಲಿ ಇಡೀ ಅರಮನೆ ಎದ್ದು ನಿಲ್ಲುತ್ತದೆ. ಅಲ್ಲಿ ಯಾವ ಬಲ್ಬಿಗೂ ತನ್ನದೇ ಮಾತಿಲ್ಲ. ಎಲ್ಲಕ್ಕೂ ಒಂದೇ ಅಪ್ಪಣೆ: ಹತ್ತು, ಇಲ್ಲವೇ ಆರು.

ನಮ್ಮ ಊರಿನ ಹಬ್ಬಕ್ಕೆ ಅರಮನೆಯಿಲ್ಲ, ಸೀರಿಯಲ್ ಸೆಟ್ ಇತ್ತು. ಆರು ವೋಲ್ಟಿನ ನಲವತ್ತು ಪುಟ್ಟ ಬಲ್ಬುಗಳನ್ನು ಒಂದರ ಬಾಲಕ್ಕೊಂದು ಕಟ್ಟಿದರೆ 240 ವೋಲ್ಟ್ ತಡೆದುಕೊಳ್ಳುತ್ತದೆ ಎಂಬುದು ಶಾಲೆಗೆ ಹೋಗದ ಲೈಟಿಂಗ್ಸ್ ಹುಡುಗರಿಗೂ ಗೊತ್ತಿದ್ದ ಲೆಕ್ಕ. ಒಂದು ಬಲ್ಬು ಹೋದರೆ ಸಾಲೇ ಹೋಯಿತು. ಆಗ ಒಂದೊಂದನ್ನೂ ಬಿಚ್ಚಿ ನೋಡಬೇಕು. ಬೆಳಕು ಓಡಬೇಕು ಎಂದರೆ ಮೂರು ನಾಲ್ಕು ಸಾಲುಗಳನ್ನು ಹೆಣೆದು, ಮೋಟಾರಿಗೆ ಮರದ ಉರುಳೆ ಕಟ್ಟಿ, ಉರುಳೆಯ ಮೇಲೆ ತಾಮ್ರದ ತಗಡು ಬಡಿಯುತ್ತಿದ್ದರು. ಉರುಳೆ ತಿರುಗಿದಂತೆ ತಗಡು ಒಂದೊಂದು ಸಾಲಿಗೆ ತಾಗಿ ಬಿಡುತ್ತಿತ್ತು. ಕೆಳಗೆ ನಿಂತವರಿಗೆ ದೀಪ ಓಡಿದಂತೆ ಕಾಣುತ್ತಿತ್ತು. ಈಗ ನಾವು ಪ್ರೋಗ್ರಾಂ ಎನ್ನುವುದು ಆಗ ಆ ತಗಡಿನ ಆಕಾರದಲ್ಲಿತ್ತು. ಬೇರೆ ಆಟ ಬೇಕಾದರೆ ತಗಡು ಕಿತ್ತು ಬೇರೆ ಬಡಿಯಬೇಕು.

ಹೊಸ ದೀಪದ ಬೇರು ಬೇರೆಲ್ಲೋ ಇದೆ. 1962ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ನಿಕ್ ಹಾಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಮಾಡಿದರು. ಹಸಿರೂ ಬಂತು. ಆದರೆ ಪ್ರಖರವಾದ ನೀಲಿ ಸಿಗಲು ಮೂವತ್ತು ವರ್ಷ ಬೇಕಾಯಿತು. 1993ರಲ್ಲಿ ಜಪಾನಿನ ನಿಚಿಯಾ ಕಂಪನಿಯಲ್ಲಿ ಶೂಜಿ ನಕಮುರಾ ಅದನ್ನು ಸಾಧಿಸಿದರು. ಇಸಾಮು ಅಕಾಸಾಕಿ, ಹಿರೋಶಿ ಅಮಾನೋ ಅವರೊಂದಿಗೆ 2014ರ ಭೌತಶಾಸ್ತ್ರದ ನೊಬೆಲ್ ಅವರಿಗೆ ಬಂತು. ಕೆಂಪು, ಹಸಿರು, ನೀಲಿ ಮೂರೂ ಒಂದು ಗೂಡಿನಲ್ಲಿ ಸೇರಿದರೆ ಯಾವ ಬಣ್ಣ ಬೇಕಾದರೂ ಬೆರೆಸಬಹುದು. 2010ರ ದಶಕದ ಆರಂಭದಲ್ಲಿ ಚೀನಾದ ವರ್ಲ್ಡ್‌ಸೆಮಿ ಕಂಪನಿ ಇನ್ನೊಂದು ಹೆಜ್ಜೆ ಇಟ್ಟಿತು. ಡಬ್ಲ್ಯುಎಸ್2812 ಎಂಬ ಅದರ ದೀಪದಲ್ಲಿ, ಐದು ಮಿಲಿಮೀಟರಿನ ಆ ಚೌಕದೊಳಗೇ, ಮಾತು ಕೇಳಿಸಿಕೊಳ್ಳುವ ಪುಟ್ಟ ಚಿಪ್ಪೂ ಕೂತಿತು.

ಅದು ಕೇಳಿಸಿಕೊಳ್ಳುವ ರೀತಿ ನಮ್ಮ ರೈತರಿಗೆ ಹೊಸದಲ್ಲ. ನಾಲೆಯ ನೀರನ್ನು ನೆನೆಸಿಕೊಳ್ಳಿ. ಮೇಲಿನ ಗದ್ದೆಯವನು ತನ್ನ ಪಾಲು ತೆಗೆದುಕೊಂಡು ಉಳಿದದ್ದನ್ನು ಕೆಳಗಿನವನಿಗೆ ಬಿಡಬೇಕು. ಈ ಪಟ್ಟಿಯಲ್ಲೂ ಹಾಗೆಯೇ. ಪ್ರತಿ ದೀಪಕ್ಕೆ 24 ಬಿಟ್‌ಗಳ ಪಾಲು: ಹಸಿರಿಗೆ ಎಂಟು, ಕೆಂಪಿಗೆ ಎಂಟು, ನೀಲಿಗೆ ಎಂಟು. ಮೊದಲ ದೀಪ ಮೊದಲ 24ನ್ನು ಇಟ್ಟುಕೊಂಡು ಮಿಕ್ಕದ್ದನ್ನೆಲ್ಲ ಮುಂದಕ್ಕೆ ದಾಟಿಸುತ್ತದೆ. ಎರಡನೆಯದಕ್ಕೆ ಈಗ ಬರುವುದೇ ಮೊದಲ 24. ಸೆಕೆಂಡಿಗೆ ಎಂಟು ಲಕ್ಷ ಬಿಟ್ ಹರಿಯುವುದರಿಂದ 300 ದೀಪಗಳಿಗೂ ಪಾಲು ಹಂಚಲು ಸೆಕೆಂಡಿನ ನೂರನೇ ಒಂದು ಭಾಗವೂ ಬೇಡ. ಯಾವ ದೀಪದ ಮೇಲೂ ನಂಬರ್ ಬರೆದಿಲ್ಲ. ಸಾಲಿನಲ್ಲಿ ಅದು ಎಷ್ಟನೆಯದೋ ಅದೇ ಅದರ ವಿಳಾಸ.

ಈ ಸಾಲಿನ ತಲೆಯಲ್ಲಿ ಕೂತು ಪಾಲು ಬರೆಯುವ ಗುಮಾಸ್ತನೆಂದರೆ ಇಎಸ್‌ಪಿ8266ರಂಥ ಅಗ್ಗದ ವೈಫೈ ಚಿಪ್ಪು. 2016ರಲ್ಲಿ ಶುರುವಾದ ‘ಡಬ್ಲ್ಯುಎಲ್‌ಇಡಿ’ ಎಂಬ ಮುಕ್ತ ತಂತ್ರಾಂಶವನ್ನು ಅದರೊಳಗೆ ಹಾಕಿದರೆ, ಅದು ಒಂದು ಎಪಿಐ ತೆರೆದಿಡುತ್ತದೆ. ಎಪಿಐ ಎಂದರೆ ಯಾವ ಮಾತು ಹೇಳಿದರೆ ಏನು ಮಾಡುತ್ತೇನೆ ಎಂದು ಯಂತ್ರ ಮೊದಲೇ ಕೊಟ್ಟ ವಚನ. ನಮ್ಮ ರೈತರು ಮನೆಯಲ್ಲೇ ಕೂತು ತೋಟದ ಮೋಟಾರಿಗೆ ಫೋನ್ ಮಾಡಿ ಚಾಲೂ ಮಾಡುತ್ತಾರಲ್ಲ, ಆ ಸ್ಟಾರ್ಟರಿನ ದೊಡ್ಡ ತಮ್ಮ ಅನ್ನಿ. ‘ಹತ್ತಿಕೋ, ಹೊಳಪು 255ಕ್ಕೆ 128, ನಲವತ್ತರಿಂದ ಅರವತ್ತನೇ ದೀಪದವರೆಗೆ ಕೇಸರಿ’ ಎಂಬ ನಾಲ್ಕು ಸಾಲಿನ ಚೀಟಿಯನ್ನು ಮೊಬೈಲಿನಿಂದಾಗಲಿ, ತಾನೇ ಬರೆದ ಪ್ರೋಗ್ರಾಂನಿಂದಾಗಲಿ ಕಳಿಸಿದರೆ ಸಾಕು. ತಗಡು ಕಿತ್ತು ಬಡಿಯುವ ಕೆಲಸ ಮುಗಿಯಿತು.

ಆದರೆ ನಾಲೆಯ ರೋಗವೂ ಜೊತೆಗೇ ಬಂತು. ಭದ್ರಾ ನಾಲೆಯ ಕೊನೆಯ ಭಾಗದ ರೈತರಿಗೆ ನೀರು ಮುಟ್ಟಲಿಲ್ಲ ಎಂಬ ಕೂಗು ನಮ್ಮ ಜಿಲ್ಲೆಯಲ್ಲಿ ಕೇಳದ ಬೇಸಿಗೆಯಿಲ್ಲ. ಹಳೆಯ ಸೀರಿಯಲ್ ಸೆಟ್ಟಿನಲ್ಲಿ ಒಂದು ಸತ್ತರೆ ಎಲ್ಲರಿಗೂ ಕತ್ತಲು. ಹೊಸ ಪಟ್ಟಿಯಲ್ಲಿ ಒಂದು ಸತ್ತರೆ ಅದರಾಚೆಯವರಿಗೆ ಮಾತ್ರ. ಮುಂದಿನವರು ಏನೂ ಆಗದಂತೆ ಬೆಳಗುತ್ತಿರುತ್ತಾರೆ. ಎಲ್ಲವೂ ಸರಿಯಿದ್ದಾಗಲೂ ಕೊನೆಯವರ ಪಾಡು ಕಷ್ಟ. ಪೂರ್ತಿ ಬಿಳಿಗೆ ಒಂದು ದೀಪ ಸುಮಾರು 60 ಮಿಲಿಆಂಪ್ ಎಳೆಯುತ್ತದೆ. 300 ದೀಪಕ್ಕೆ 18 ಆಂಪ್. ತೆಳು ತಾಮ್ರದಲ್ಲಿ ಅಷ್ಟು ಹರಿಯುವಾಗ ಐದು ವೋಲ್ಟ್ ದಾರಿಯಲ್ಲೇ ಸೊರಗುತ್ತದೆ. ನೀಲಿ, ಹಸಿರಿಗೆ ಕೆಂಪಿಗಿಂತ ಹೆಚ್ಚು ವೋಲ್ಟ್ ಬೇಕು. ಹಾಗಾಗಿ ಎಲ್ಲರಿಗೂ ಬಿಳಿ ಎಂದು ಅಪ್ಪಣೆ ಕೊಟ್ಟರೂ ಕೊನೆಯ ದೀಪಗಳು ಕೆಂಪಗೆ ಮಂಕಾಗುತ್ತವೆ. ಇದು ಪ್ರೋಗ್ರಾಂ ತಿದ್ದಿದರೆ ಹೋಗುವ ದೋಷವಲ್ಲ. ಕೊನೆಗೇ ಇನ್ನೊಂದು ವೈರು ಎಳೆದು ಕರೆಂಟು ಕೊಡಬೇಕು. ಮುಂದೆ ಬಂದ ಡಬ್ಲ್ಯುಎಸ್2813, 2815ರಲ್ಲಿ ಮಾತಿಗೂ ಎರಡನೇ ದಾರಿ ಇಟ್ಟರು. ನಡುವೆ ಒಂದು ದೀಪ ಸತ್ತರೂ ಅದನ್ನು ದಾಟಿ ಮಾತು ಮುಂದೆ ಹೋಗುತ್ತದೆ.

ಪೆಂಡಾಲಿನ ಹುಡುಗನ ಬಳಿ ಇದ್ದದ್ದು ಹಳೆಯ ಬಗೆಯದೇ. ಕೆಟ್ಟ ದೀಪ ಹುಡುಕಲು ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ, ಬೆಳಕು ನಿಂತಲ್ಲೇ ದೋಷ. ಅದನ್ನು ಕತ್ತರಿಸಿ ಎರಡು ತುದಿಯನ್ನು ಬೆಸುಗೆ ಹಾಕಿದ. ಬೆಳಕು ಹರಿಯಿತು. ಆದರೆ ಓಂಕಾರದ ಮೇಲಿನ ಬಣ್ಣಗಳೆಲ್ಲ ಒಂದೊಂದು ಸ್ಥಾನ ಜರುಗಿದ್ದವು. ಚಂದ್ರಬಿಂದುವಿನ ಬಣ್ಣ ಪಕ್ಕದ ಗೆರೆಗೆ ಚೆಲ್ಲಿತ್ತು. ಒಂದು ದೀಪ ಹೋದದ್ದೇ ತಡ, ಅದರ ಹಿಂದಿದ್ದ ಎಲ್ಲರ ವಿಳಾಸವೂ ಬದಲಾಗಿತ್ತು.

‘ಪ್ರೋಗ್ರಾಂನಲ್ಲೇ ಒಂದು ಕಡಿಮೆ ಎಣಿಸ್ತೀನಿ’ ಎಂದ ಹುಡುಗ.

‘ಬ್ಯಾಡ’ ಎಂದರು ಹಿರಿಯರು. ‘ಉಳಿದ ತುಂಡು ಐತಲ್ಲ, ಅದರಾಗಿಂದ ಒಂದು ತೆಗೆದು ಹಾಕು. ಅದರ ಜಾಗ ಅದಕ್ಕೇ ಇರ್ಲಿ. ಆಮೇಲೆ ಆ ಕೊನೇಗೊಂದು ಬೇರೆ ವೈರು ಎಳಿ, ಮಂಕಾಗೈತೆ.’

ಹುಡುಗ ಹಾಗೆಯೇ ಮಾಡಿದ. ಬೆಸುಗೆ ಆರುವವರೆಗೆ ಹಿರಿಯರು ಪಟ್ಟಿಯ ತುದಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಹೊರಗೆ ಮಳೆ ಹನಿಯುತ್ತಿತ್ತು. ಮತ್ತೆ ಮೊಬೈಲ್ ಒತ್ತಿದಾಗ ಮೊದಲ ದೀಪದಿಂದ ಮುನ್ನೂರನೆಯದರವರೆಗೆ ಒಂದೇ ಬಿಳಿ ಇತ್ತು.