ಗೃಹಪಾಠದ ಮೌಲ್ಯ ಮತ್ತು ಶಿಕ್ಷಕರ ಹೊಣೆ

ಶಾಲೆಯಲ್ಲಿ ಕೇಳಿದ ಪಾಠವನ್ನು ವಿದ್ಯಾರ್ಥಿಯು ಮನೆಯಲ್ಲಿ ತಾನೇ ಮತ್ತೊಮ್ಮೆ ಮಾಡಿ ನೋಡುವ ಅಭ್ಯಾಸಕ್ಕೆ ಗೃಹಪಾಠವೆಂದು ಹೆಸರು. ಮರಾಠಿಯಲ್ಲಿಯೂ ಇದೇ ಶಬ್ದವಿರುವುದರಿಂದ ಮುಂಬಯಿ, ಪುಣೆಯ ಕನ್ನಡ ಮನೆಗಳಿಗೆ ಇದು ಚಿರಪರಿಚಿತ. ಹಿಂದಿನ ತಲೆಮಾರಿಗೆ ಗೃಹಪಾಠವೆಂದರೆ ಮಗ್ಗಿ, ಕಾಪಿ ಬರವಣಿಗೆ ಮತ್ತು ನಾಲ್ಕಾರು ಲೆಕ್ಕಗಳು. ಇಂದು ಅದು ಇಡೀ ಸಂಜೆಯನ್ನು ನುಂಗಿ, ತಾಯಂದಿರ ಪಾಲಿಗೂ ಟ್ಯೂಷನ್ ತರಗತಿಗಳ ಪಾಲಿಗೂ ಬಂದಿದೆ. ಗೃಹಪಾಠ ಬೇಕೇ ಬೇಡವೇ ಎಂಬ ಚರ್ಚೆ ಆಗಾಗ ನಡೆಯುತ್ತದೆ. ಆದರೆ ಮಗು ಬರೆದು ತಂದದ್ದನ್ನು ಮರುದಿನ ಯಾರಾದರೂ ಓದುತ್ತಾರೆಯೇ ಎಂದು ಕೇಳುವವರು ಕಡಿಮೆ.

ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1987ರಿಂದ 2003ರವರೆಗಿನ ಅಲ್ಲಿಯ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಒಂದು ವಿಮರ್ಶೆಯನ್ನು ಪ್ರಕಟಿಸಿದರು. ಅದರಂತೆ ಗೃಹಪಾಠಕ್ಕೂ ಕಲಿಕೆಗೂ ಒಟ್ಟಿನಲ್ಲಿ ಅನುಕೂಲಕರ ಸಂಬಂಧವಿದೆ. 7ರಿಂದ 12ನೆಯ ತರಗತಿಯವರಲ್ಲಿ ಅದು ಬಲವಾಗಿ, ಅವರಿಗಿಂತ ಚಿಕ್ಕವರಲ್ಲಿ ದುರ್ಬಲವಾಗಿ ಕಾಣುತ್ತದೆ. ಒಂದನೆಯ ತರಗತಿಯ ಮಗುವಿಂದ ಐದು ಪುಟ ಬರೆಯಿಸುವವರಿಗೆ ಇಲ್ಲಿ ಹೆಚ್ಚಿನ ಆಧಾರ ಸಿಗದು.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ರಾಷ್ಟ್ರೀಯ ಗಮನ ತಂದವರು ಮೈಸೂರಿನಲ್ಲಿ ನೆಲೆಸಿದ್ದ ಕಾದಂಬರಿಕಾರ ಆರ್.ಕೆ. ನಾರಾಯಣ್. ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದ ಅವರು 1989ರಲ್ಲಿ ತಮ್ಮ ಮೊದಲ ಭಾಷಣವನ್ನು ಮಕ್ಕಳ ಪುಸ್ತಕದ ಚೀಲದ ಹೊರೆಗೆ ಮೀಸಲಿಟ್ಟರು. ಮುಂದೆ ನೇಮಕಗೊಂಡ ಪ್ರೊ. ಯಶ್‌ಪಾಲ್ ಸಮಿತಿಯು 1993ರ ವರದಿಯಲ್ಲಿ, ಚೀಲದ ತೂಕಕ್ಕಿಂತ ಅರ್ಥವಾಗದ ಪಾಠದ ಭಾರವೇ ದೊಡ್ಡದೆಂದು ಹೇಳಿತು. ಪ್ರಾಥಮಿಕ ತರಗತಿಗಳಲ್ಲಿ ಮನೆಯ ಪರಿಸರವನ್ನು ಗಮನಿಸುವ ಚಟುವಟಿಕೆಯ ಹೊರತು ಗೃಹಪಾಠ ಬೇಡ, ಮೇಲಿನ ತರಗತಿಗಳಲ್ಲಿಯೂ ಅದು ಪಠ್ಯದ ನಕಲಾಗಬಾರದು ಎಂಬುದು ಅದರ ಸಲಹೆ. 2018ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು 1 ಮತ್ತು 2ನೆಯ ತರಗತಿಯ ಮಕ್ಕಳಿಗೆ ಗೃಹಪಾಠ ಕೂಡದೆಂದು ಆದೇಶಿಸಿತು. ಕೇಂದ್ರದ 2020ರ ಶಾಲಾ ಚೀಲ ನೀತಿಯೂ ಹಾಗೆಯೇ ಹೇಳಿ, 3ರಿಂದ 5ನೆಯ ತರಗತಿಗೆ ವಾರಕ್ಕೆ 2 ಗಂಟೆ, 6ರಿಂದ 8ಕ್ಕೆ ದಿನಕ್ಕೆ 1 ಗಂಟೆ, ಅದರ ಮೇಲಿನವರಿಗೆ ದಿನಕ್ಕೆ 2 ಗಂಟೆಯ ಮಿತಿಯನ್ನು ಸೂಚಿಸಿತು.

ಗೃಹಪಾಠ ಕೊಡುವವರ ಹೊಣೆಯೇನು? ಇತ್ತೀಚೆಗೆ ಪರಿಚಿತರ ಮನೆಯ ಹುಡುಗನೊಬ್ಬನ ಗಣಿತದ ಪುಸ್ತಕವನ್ನು ನೋಡುವ ಸಂದರ್ಭ ಬಂತು. 1/2ಕ್ಕೆ 1/3 ಕೂಡಿಸಿ 2/5 ಎಂದು ಬರೆದಿದ್ದ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ ತಪ್ಪು. ಮೂರು ಪುಟಗಳಲ್ಲಿಯೂ ಅದೇ ತಪ್ಪು, ಪ್ರತಿ ಪುಟದ ಕೆಳಗೂ ಕೆಂಪು ಶಾಯಿಯ ಸರಿ ಗುರುತು ಮತ್ತು ಸಹಿ! ಬ್ಯಾಂಕಿನಲ್ಲಿ ಒಬ್ಬರು ಬರೆದ ವೋಚರನ್ನು ಇನ್ನೊಬ್ಬರು ಪರಿಶೀಲಿಸಿ ಸಹಿ ಹಾಕುವ ಪದ್ಧತಿಯಿದೆ. ನೋಡದೆ ಹಾಕಿದ ಸಹಿ ಸಹಿ ಇಲ್ಲದಿರುವುದಕ್ಕಿಂತ ಅಪಾಯಕಾರಿ. ಇಲ್ಲಿ ಆದದ್ದೂ ಅದೇ. ಆ ಹುಡುಗ ಮೂರು ಪುಟಗಳಷ್ಟು ಶ್ರಮಪಟ್ಟು ತಪ್ಪನ್ನೇ ಗಟ್ಟಿ ಮಾಡಿಕೊಂಡಿದ್ದ. 2/5 ಎಂಬುದು ಅರ್ಧಕ್ಕಿಂತ ಕಡಿಮೆ. ಅರ್ಧ ರೊಟ್ಟಿಗೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾಗುವುದುಂಟೇ ಎಂದು ಒಂದು ಪ್ರಶ್ನೆ ಹಾಕಿದ್ದರೆ ಸಾಕಿತ್ತು, ಅವನೇ ನಕ್ಕು ತಿದ್ದಿಕೊಳ್ಳುತ್ತಿದ್ದ.

ಆದರೆ ಶಿಕ್ಷಕರನ್ನು ದೂರುವ ಮುನ್ನ ಒಂದು ಲೆಕ್ಕ ಹಾಕಬೇಕು. ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 8ನೆಯ ತರಗತಿಗಳಲ್ಲಿ 35 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು. ಒಂದು ಪುಸ್ತಕಕ್ಕೆ 4 ನಿಮಿಷವೆಂದರೂ 35 ಪುಸ್ತಕಗಳಿಗೆ 140 ನಿಮಿಷ ಬೇಕು, ಅದೂ ಒಂದು ತರಗತಿಗೆ ಮಾತ್ರ. ನಗರದ ಎಷ್ಟೋ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇನ್ನೂ ಹೆಚ್ಚು. ಇದಕ್ಕೆ ಉಪಾಯವೆಂದರೆ ಹತ್ತು ಲೆಕ್ಕಗಳ ಬದಲು ಮೂರು ಕೊಡುವುದು, ಆ ಮೂರನ್ನು ನಿಜವಾಗಿ ನೋಡುವುದು. ಅದೇ ಕಾಯ್ದೆಯ 24ನೆಯ ಕಲಮು ಪ್ರತಿ ಮಗುವಿನ ಕಲಿಕೆಯನ್ನು ಅಳೆದು, ಅಗತ್ಯವಿದ್ದಲ್ಲಿ ಹೆಚ್ಚಿನ ಬೋಧನೆ ನೀಡುವುದನ್ನು ಶಿಕ್ಷಕರ ಕರ್ತವ್ಯವೆಂದಿದೆ. 28ನೆಯ ಕಲಮು ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸುವುದನ್ನು ನಿಷೇಧಿಸಿದೆ. ಗೃಹಪಾಠ ಮಾಡದ ಮಗುವಿಗೆ ಹೊಡೆಯುವುದಾಗಲಿ, ಅವಮಾನಿಸುವುದಾಗಲಿ 17ನೆಯ ಕಲಮಿಗೆ ವಿರುದ್ಧ.

ಹೊರನಾಡಿನ ಕನ್ನಡ ಕುಟುಂಬಗಳಿಗೆ ಇನ್ನೊಂದು ತೊಡಕಿದೆ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯಿಂದ ಎಲ್ಲ ಶಾಲೆಗಳಲ್ಲಿಯೂ ಮರಾಠಿ ಕಡ್ಡಾಯ. ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಮದುವೆಯಾಗಿ ಇಲ್ಲಿಗೆ ಬಂದ ತಾಯಿಗೆ ಮಗುವಿನ ಮರಾಠಿ ವ್ಯಾಕರಣವನ್ನು ತಿದ್ದುವುದು ಸುಲಭವಲ್ಲ. ಆಕೆ ಅವಿದ್ಯಾವಂತೆಯಲ್ಲ, ಆದರೂ ಶಾಲೆಯ ಡೈರಿಯ ಮುಂದೆ ಹಾಗೆ ಕಾಣಿಸಿಕೊಳ್ಳುತ್ತಾಳೆ. ಮನೆಯವರು ಕಲಿಸಿಯೇ ತೀರುತ್ತಾರೆಂಬ ನಂಬಿಕೆಯಲ್ಲಿ ಕೊಟ್ಟ ಗೃಹಪಾಠ ಇಂಥ ಮಕ್ಕಳಿಗೆ ಅನ್ಯಾಯ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಅಲ್ಲಿಯೇ ಮಲಗುತ್ತಿದ್ದ ಹುಡುಗರು ಅನೇಕರು. ಅವರಿಗೆ ಗೃಹವೇ ಇರಲಿಲ್ಲ, ಗೃಹಪಾಠ ಎಲ್ಲಿಂದ ಬರಬೇಕು? ಅಂಥವರ ಅಭ್ಯಾಸಕ್ಕೆ ತರಗತಿಯಲ್ಲಿಯೇ ಸಮಯ ಮಾಡಿಕೊಡಬೇಕಾಗುತ್ತದೆ.

ಯಶ್‌ಪಾಲ್ ಸಮಿತಿ ಹೇಳಿದ ಬಗೆಯ ಕೆಲಸ ನಮ್ಮ ಮನೆಗಳಲ್ಲಿ ಧಾರಾಳವಾಗಿದೆ. ಅಜ್ಜಿಯ ಕಾಲದ ಸೇರು, ಪಾವುಗಳನ್ನು ಕೇಳಿ ಬರೆದು, ಇಂದಿನ ಲೀಟರಿನೊಂದಿಗೆ ಹೋಲಿಸಿ ಬರಲು ಹೇಳಿದರೆ ಗಣಿತವೂ ಆಯಿತು, ಕನ್ನಡದ ನಾಲ್ಕು ಮಾತೂ ಆಯಿತು.

ಪಾಲಕರನ್ನು ಆಗಾಗ ಕಂಡು ಮಗುವಿನ ಪ್ರಗತಿಯನ್ನು ತಿಳಿಸುವುದೂ 24ನೆಯ ಕಲಮಿನಲ್ಲಿಯೇ ಇದೆ. ಆ ಸಭೆಗೆ ಹೋಗುವಾಗ ನಾವು ಅಂಕಪಟ್ಟಿಯನ್ನಷ್ಟೇ ನೋಡಿ ಮರಳುತ್ತೇವೆ. ಹೋಂವರ್ಕ್ ಪುಸ್ತಕವನ್ನೂ ಜೊತೆಗೆ ಒಯ್ದು, ಯಾವುದಾದರೊಂದು ಪುಟವನ್ನು ತೆರೆದು, ಈ ತಪ್ಪು ಹೇಗಾಯಿತೆಂದು ಶಿಕ್ಷಕರ ಜೊತೆ ಕುಳಿತು ನೋಡಲು ಹತ್ತು ನಿಮಿಷ ಸಾಕು.